ನೀನು ಕರೆದ ಹೆಸರು

ಮೇಣದಬತ್ತಿಗೆ,

ಹೇಗಿದ್ದೀಯ ಎಂದು ಕೇಳುವುದಿಲ್ಲ. ಕಿವಿ ಪೂರ್ತಿ ಹೋಗಿದೆಯಂತೆ, ಕಣ್ಣು ಇನ್ನೂ ಚೆನ್ನಾಗಿದೆಯಂತೆ, ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತುತ್ತೀಯಂತೆ. ಎಲ್ಲ ನಿನ್ನ ಸೊಸೆ ಹೇಳಿದಳು. ಕಿವಿ ಕೇಳಿಸುತ್ತಿದ್ದರೆ ಫೋನ್ ಮಾಡಿ ಎರಡು ಮಾತಿನಲ್ಲಿ ಮುಗಿಸಿಬಿಡುತ್ತಿದ್ದೆ. ಈಗ ಬರೆಯಬೇಕಾಗಿ ಬಂದಿದೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಅಕ್ಷರ ಬರೆದದ್ದಕ್ಕಿಂತ ಸೂಜಿಯಲ್ಲಿ ಹೊಲಿದದ್ದೇ ಹೆಚ್ಚು. ತಪ್ಪಿದ್ದರೆ ತಿದ್ದಿಕೊಂಡು ಓದು. ಬೇರೆಯವರ ಕೈಯಲ್ಲಿ ಬರೆಸೋಣವೆಂದರೆ ಇದು ಬರೆಸುವ ಸಂಗತಿಯಲ್ಲ.

ಬೇಕಾದದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ, ನಿನಗೆ ಗೊತ್ತು. ನಲವತ್ತೊಂದು ವರ್ಷದ ಹಿಂದೆ, ಹೆರಿಗೆ ವಾರ್ಡಿನ ಕಿಟಕಿ ಪಕ್ಕದ ಮೇಜಿನ ಮೇಲೆ, ನನ್ನ ಮಗಳ ತಲೆಗೆ ನೀರು ಹಾಕಿ ನೀನು ಒಂದು ಹೆಸರು ಕರೆದೆ. ಆ ಹೆಸರು ನನಗೆ ಬೇಕು.

ಇಷ್ಟು ಬರೆದು ನಿಲ್ಲಿಸಬಹುದಿತ್ತು. ನಮ್ಮ ಯಜಮಾನರೂ ಅದನ್ನೇ ಹೇಳಿದರು, ಒಂದು ಕಾರ್ಡು ಸಾಕು ಎಂದು. ಅವರಿಗೇನು, ಜೀವಮಾನದಲ್ಲಿ ಒಂದು ಕಾರ್ಡಿಗೆ ಹಿಡಿಸುವಷ್ಟು ಮಾತಾಡಿದರೆ ಹೆಚ್ಚು. ಬಾಗಿಲ ಮೆಟ್ಟಿಲ ಮೇಲೆ ಕೂತು ಕೆಟ್ಟುಹೋದ ಟೇಬಲ್ ಫ್ಯಾನು ಬಿಚ್ಚಿಕೊಂಡಿದ್ದಾರೆ. ಬಸ್ ಡಿಪೋದಿಂದ ನಿವೃತ್ತಿಯಾಗಿ ಹನ್ನೆರಡು ವರ್ಷವಾದರೂ ಕೈಯಲ್ಲಿ ಸ್ಪ್ಯಾನರ್ ಇಲ್ಲದೆ ಹೊತ್ತು ಹೋಗುವುದಿಲ್ಲ. ನಾನು ಬರೆಯುತ್ತಿರುವುದು ನಿನಗೆಂದು ಗೊತ್ತು. ಆಗಾಗ ಕತ್ತು ತಿರುಗಿಸಿ ನೋಡುತ್ತಾರೆ. ನೋಡಲಿ.

ಇದೆಲ್ಲ ಶುರುವಾದದ್ದು ಹದಿನೈದು ದಿನದ ಹಿಂದಿನ ಭಾನುವಾರ. ನಮ್ಮ ಸಭೆಯವರೂ ನಿಮ್ಮ ಚರ್ಚಿನವರೂ ಸೇರಿ ಒಂದೇ ಪ್ರಾರ್ಥನೆ ಇಟ್ಟುಕೊಂಡರು. ನಿಜವಾಗಿಯೂ. ನಮ್ಮ ಪಾಸ್ಟರಿಗೂ ನಿಮ್ಮ ಪಾದ್ರಿಗೂ ಮೂವತ್ತೈದು ದಾಟಿರಲಿಕ್ಕಿಲ್ಲ. ಒಂದೇ ಬೆಂಚಿನಲ್ಲಿ ಕೂತು, ಒಂದೇ ತಟ್ಟೆಯ ಬಿಸ್ಕತ್ತು ತಿಂದು, ಯಾವುದೋ ಆಟದ ಮಾತು ಆಡಿಕೊಂಡು ನಗುತ್ತಿದ್ದರು. ಎಲ್ಲರೂ ಕಣ್ಣು ಒರೆಸಿಕೊಂಡರು, ಎಂಥ ಒಳ್ಳೆಯ ದಿನ ಬಂತು ಎಂದರು. ನನಗೆ ಮಾತ್ರ ಮೈ ಉರಿದುಹೋಯಿತು. ಇಷ್ಟು ಸುಲಭವಾಗಿದ್ದರೆ ಮೊದಲೇ ಮಾಡಬೇಕಿತ್ತಲ್ಲ? ನಾವು ನಾವೇ ಕಚ್ಚಾಡಿ, ಮನೆ ಮುರಿದುಕೊಂಡು, ಮುಖ ನೋಡದೆ ಮುದುಕಿಯರಾದ ಮೇಲೆ ಇವರು ಬಂದು ಬಿಸ್ಕತ್ತು ಹಂಚುತ್ತಾರೆ.

ಕೊನೆಗೆ ಕರ್ತ ಕಲಿಸಿದ ಪ್ರಾರ್ಥನೆಯನ್ನು ಎಲ್ಲರೂ ಸೇರಿ ಹೇಳಿದರು. ಒಂದೇ ದನಿ ಎದ್ದಿತು. ಆಮೇಲೆ ನೀವು ನಿಲ್ಲಿಸುವ ಕಡೆ ನಿಮ್ಮವರು ನಿಂತರು, ನಮ್ಮವರು ಅಭ್ಯಾಸಬಲದಿಂದ ಕೊನೆಯ ಸಾಲಿಗೆ ಓಡಿದರು. ಅರ್ಧ ಮಂದಿ ಗಪ್‌ಚುಪ್, ಅರ್ಧ ಮಂದಿ ಗಟ್ಟಿ ದನಿ. ನಾನೂ ಬಾಯಿ ತೆರೆದೆ. ನಾವಿಬ್ಬರೂ ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಹಿಂದಿನ ಮೆಟ್ಟಿಲು ನೆನಪಾಯಿತು. ನಾನು ಊಟದ ಡಬ್ಬಿಯ ಮುಂದೆ ಕಣ್ಣು ಮುಚ್ಚಿ ಆ ಸಾಲು ಹೇಳುತ್ತಿದ್ದರೆ, ನೀನು ಒಂದು ಕಣ್ಣು ಬಿಟ್ಟುಕೊಂಡು ಕಾಯುತ್ತಿದ್ದೆ.

"ಮುಗೀತೇನೇ ನಿನ್ನ ಬಾಲ?"

"ಬಾಲ ಕತ್ತರಿಸಿಕೊಂಡವರು ನೀವು," ಎನ್ನುತ್ತಿದ್ದೆ ನಾನು. ಆಮೇಲೆ ನಿನ್ನ ಡಬ್ಬಿ ನನಗೆ, ನನ್ನ ಡಬ್ಬಿ ನಿನಗೆ.

ಆ ಮೆಟ್ಟಿಲಿಗೆ ಎಷ್ಟು ಸಲ ಹೋಗಿ ಕೂತಿದ್ದೇನೆ ಗೊತ್ತಾ, ನೀನು ಹೋದ ಮೇಲೆ? ಇಪ್ಪತ್ತು ವರ್ಷ ಒಬ್ಬಳೇ ಅಲ್ಲೇ ಕೂತು ಉಂಡೆ. ಬೇರೆಯವರು ಬಂದು ಪಕ್ಕದಲ್ಲಿ ಕೂತರೆ ಗುರ್ ಎನ್ನುತ್ತಿದ್ದೆ. ನನ್ನ ಸಿಡುಕಿಗೆ ಹೆದರಿ ಎಲ್ಲರೂ ಒಳಗೆ ಉಣ್ಣುತ್ತಿದ್ದರು. ಮೆಟ್ಟಿಲು ನಿನ್ನದು ಎಂದು ಯಾರಿಗೂ ಹೇಳಲಿಲ್ಲ.

ನೀನು ಮೊದಲ ಸಲ ನನ್ನ ಎದುರಿಗೆ ಬಂದದ್ದೂ ಜಗಳಕ್ಕೇ. ನಾನು ಲಾಂಡ್ರಿಯಲ್ಲಿ ಗುರುತು ಹಾಕುವ ಮೇಜಿನವಳು. ಆಸ್ಪತ್ರೆಯ ಒಂದೊಂದು ಹಾಸಿಗೆ ಬಟ್ಟೆಗೂ, ದಿಂಬಿನ ಚೀಲಕ್ಕೂ, ಕೂಸಿನ ಅಂಗಿಗೂ ಮೂಲೆಯಲ್ಲಿ ಕೆಂಪು ನೂಲಿನಿಂದ ವಾರ್ಡಿನ ಅಕ್ಷರ, ಅದರ ಪಕ್ಕ ಸಂಖ್ಯೆ. ಹೆರಿಗೆ ವಾರ್ಡಿಗೆ 'ಹೆ'. ನೀನು ಆ ವಾರ್ಡಿನ ಆಯಾ, ಮೈಲಿಗೆ ಬಟ್ಟೆಯ ಗಂಟು ತಂದು ಹಾಕುವವಳು. ಒಂದು ದಿನ ಹಂಡೆಯಲ್ಲಿ ಕುದಿಸಿ ತೆಗೆದ ಬಿಳಿ ಬಟ್ಟೆಗಳಿಗೆಲ್ಲ ನೀಲಿ ಚೂರು, ಹಳದಿ ಚೂರು ಅಂಟಿಕೊಂಡು ಬಂತು. ಹುಡುಕಿದರೆ ನಿನ್ನ ಏಪ್ರನ್ ಜೇಬಿನಲ್ಲಿ ಯಾರೋ ಸಂತನ ಕಾಗದದ ಚಿತ್ರ, ಬೆಂದು ಮುದ್ದೆಯಾಗಿತ್ತು. ನಾನು ಲಾಂಡ್ರಿ ಹಾರಿಹೋಗುವ ಹಾಗೆ ಕೂಗಾಡಿದೆ. ನೀನು ಆ ಮುದ್ದೆಯನ್ನು ಅಂಗೈಯಲ್ಲಿ ಹಿಡಿದು, "ಪಾಪ, ಇವರನ್ನ ಬದುಕಿದ್ದಾಗಲೂ ಹಿಂಗೇ ಬೇಯಿಸಿ ಕೊಂದಿದ್ರಂತೆ," ಎಂದೆ. ನಗು ತಡೆಯಲು ಆಗದೆ ನಾನು ಮುಖ ತಿರುಗಿಸಿದೆ. ಆ ದಿನವೇ ನಿನಗೆ ಮೇಣದಬತ್ತಿ ಎಂದು ಹೆಸರಿಟ್ಟೆ, ಕಂಡ ಕಂಡ ಮೂರ್ತಿಯ ಮುಂದೆಲ್ಲ ಹಚ್ಚುತ್ತೀಯೆಂದು. ಮುಂದೆ ಒಂದು ಸಲ ನಮ್ಮ ಸಭಾಮಂದಿರದ ಒಳಗೆ ಇಣುಕಿ ನೋಡಿ ಬಂದ ಮೇಲೆ ನೀನು ನನಗೆ ಖಾಲಿಗೋಡೆ ಎಂದಿಟ್ಟೆ. "ನಿಮ್ಮ ದೇವರು ಬಾಡಿಗೆ ಮನೆಯಲ್ಲಿದ್ದಾನೇನೇ? ಗೋಡೆಗೆ ಒಂದು ಮೊಳೆ ಹೊಡೆಯೋಕೂ ಬಿಟ್ಟಿಲ್ಲವಲ್ಲ ಮಾಲೀಕರು," ಎಂದದ್ದು ನೆನಪಿದೆಯಾ? ಇವತ್ತಿಗೂ ಸಭೆಯಲ್ಲಿ ಕೂತಾಗ ಆ ಬಿಳಿ ಗೋಡೆ ನೋಡಿದರೆ ನಿನ್ನ ಮಾತು ನೆನಪಾಗಿ ಒಳಗೊಳಗೇ ನಗು ಬರುತ್ತದೆ. ಪಕ್ಕದವರು ನನಗೆ ಭಕ್ತಿ ಬಂದಿದೆ ಎಂದುಕೊಳ್ಳುತ್ತಾರೆ.

ಶುಕ್ರವಾರ ನೀನು ಮಾಂಸ ಮುಟ್ಟುತ್ತಿರಲಿಲ್ಲ. ನಾನು ಬೇಕೆಂದೇ ಶುಕ್ರವಾರವೇ ಮಾಂಸ ತರುತ್ತಿದ್ದೆ, ಮುಚ್ಚಳವನ್ನು ನಿನ್ನ ಕಡೆಗೇ ತೆರೆಯುತ್ತಿದ್ದೆ. ನೀನು ಮೂಗನ್ನು ಡಬ್ಬಿಯ ಹತ್ತಿರ ತಂದು, "ವಾಸನೆಗೆ ಪಾಪ ಇಲ್ಲ ಅಂತ ನಮ್ಮ ಪಾದ್ರಿ ಹೇಳಿದ್ದಾರೆ," ಎನ್ನುತ್ತಿದ್ದೆ. ಯಾವ ಪಾದ್ರಿಯೂ ಹೇಳಿರಲಿಕ್ಕಿಲ್ಲ.

ಹಾಗಂತ ನಮ್ಮ ಸುತ್ತ ಎಲ್ಲರೂ ನಗುತ್ತಿದ್ದರು ಎಂದಲ್ಲ. ನನ್ನ ಅಪ್ಪ ಬೀಗ ರಿಪೇರಿಯವರು, ನಮ್ಮ ಸಭೆಯ ಹಿರಿಯರಲ್ಲಿ ಒಬ್ಬರು. ನಿನ್ನ ಹೆಸರು ಎತ್ತಿದರೆ ಅರದಿಂದ ಉಜ್ಜುತ್ತಲೇ ಹೇಳುತ್ತಿದ್ದರು, "ಅವರ ಪಾಪಕ್ಕೆ ಒಂದು ಕಿಂಡಿ ಇದೆ. ಇತ್ತ ಕಡೆ ಉಸುರಿದರೆ ಪಾದ್ರಿ ಕೂತ ಅತ್ತ ಕಡೆ ಹೋಗಿಬಿಡುತ್ತೆ. ಕಿಂಡಿ ಇರೋ ಪೆಟ್ಟಿಗೆಗೆ ನಾನು ಬೀಗ ಮಾಡಿಕೊಡಲ್ಲ, ನೀನೂ ನಂಬಬೇಡ." ನಿನ್ನ ಅಮ್ಮನೂ ಕಡಿಮೆಯವರಲ್ಲ. ಒಂದು ಸಂಜೆ ನಿಮ್ಮ ಮನೆಯಲ್ಲಿ ಚಹಾ ಕುಡಿದು ಹೊರಟವಳು ಛತ್ರಿ ಮರೆತೆನೆಂದು ವಾಪಸು ಬಂದೆ. ನಿನ್ನ ಅಮ್ಮ ನಾನು ಕೂತ ಕುರ್ಚಿಗೂ ದಾಟಿದ ಹೊಸ್ತಿಲಿಗೂ ಚರ್ಚಿನಿಂದ ತಂದ ನೀರು ಚಿಮುಕಿಸುತ್ತಿದ್ದರು. ನೀನು ಓಡಿಬಂದು, "ನೆಲ ಒರೆಸ್ತಾ ಇದ್ದಾರೆ ಕಣೇ," ಎಂದೆ. ನಿನ್ನ ಮುಖ ಕೆಂಪಾಗಿತ್ತು. ನಾನು ಛತ್ರಿ ತೆಗೆದುಕೊಂಡು ಬಂದೆ. ಮನೆಗೆ ಹೋಗಿ ಅಳಲಿಲ್ಲ, ಆದರೆ ಆ ನೀರನ್ನು ಮರೆಯಲಿಲ್ಲ. ಮುಂದೆ ಆದದ್ದರಲ್ಲಿ ಆ ಛತ್ರಿಯ ಸಂಜೆಯದೂ ಒಂದು ಪಾಲಿದೆ ಎಂದು ಈಗ ಅನ್ನಿಸುತ್ತದೆ. ನಿಮ್ಮ ನೀರೆಂದರೆ ನಮ್ಮ ಕೊಳೆ ತೊಳೆಯಲು ಎಂದು ನಾನು ತಿಳಿದುಬಿಟ್ಟಿದ್ದೆ.

ಆಮೇಲೆ ಆ ದಿನ. ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ. ನನ್ನ ಹಾಸಿಗೆಯಿಂದ ಹೇಗೆ ಕಂಡಿತು ಎಂಬುದು ನಿನಗೆ ಗೊತ್ತಿಲ್ಲ.

ಏಳೇ ತಿಂಗಳಿಗೆ ನೋವು ಬಂತು. ಬೆಳಿಗ್ಗೆ ಒಂಬತ್ತಕ್ಕೆ ಹುಟ್ಟಿದಳು. ಅತ್ತಳು ಎಂದರು, ನನಗೆ ಕೇಳಿಸಲಿಲ್ಲ. ನನಗೆ ರಕ್ತ ನಿಲ್ಲದೆ ಎರಡು ಕೈಗೂ ಸೂಜಿ ಚುಚ್ಚಿ ಮಲಗಿಸಿದ್ದರು. ಡಾಕ್ಟರು ಯಜಮಾನರನ್ನು ಹೊರಗೆ ಕರೆದುಕೊಂಡು ಹೋಗಿ ಏನೋ ಹೇಳಿದರು. ವಾಪಸು ಬಂದವರ ಮುಖ ನೋಡಿಯೇ ನನಗೆ ತಿಳಿಯಿತು. ಮಧ್ಯಾಹ್ನದವರೆಗೆ ಎಂದು ಹೇಳಿದ್ದರಂತೆ. ನಿಮ್ಮ ಹಾಗೆ ಕೂಸಿಗೆ ನೀರು ಹಾಕುವ ದೀಕ್ಷಾಸ್ನಾನ ನಮ್ಮಲ್ಲಿ ಇಲ್ಲ. ದೊಡ್ಡವರಾಗಿ, ತಮ್ಮ ಬಾಯಿಂದ ತಾವೇ ನಂಬುತ್ತೇನೆ ಎಂದು ಹೇಳಿದ ಮೇಲೆ ತೊಟ್ಟಿಯಲ್ಲಿ ಮುಳುಗಿಸುವುದು. ಹೆಸರನ್ನೂ ನಮ್ಮ ಸಭೆಯಲ್ಲಿ ಹುಟ್ಟಿದ ಮೇಲಿನ ಮೊದಲ ಭಾನುವಾರ ಎಲ್ಲರ ಮುಂದೆ ಎತ್ತಿ ಹಿಡಿದು ಹೇಳಬೇಕು. ಅಲ್ಲಿಯವರೆಗೆ ಅಪ್ಪ ಅಮ್ಮ ಕೂಡ ಕರೆಯುವುದಿಲ್ಲ. ಆ ದಿನ ಮಂಗಳವಾರ.

ನನ್ನ ಹಾಸಿಗೆಗೂ ಕಿಟಕಿಗೂ ನಡುವೆ ಬಟ್ಟೆಯ ಪರದೆ ಇತ್ತು. ಅದರ ಸಂದಿಯಿಂದ ನಿನ್ನ ಬೆನ್ನು ಕಾಣುತ್ತಿತ್ತು. ಸ್ಟೀಲಿನ ಬಟ್ಟಲಿನಿಂದ ನೀನು ಅಂಗೈಗೆ ನೀರು ತೆಗೆದುಕೊಂಡೆ. ಮೂರು ಸಲ. ತುಟಿ ಆಡುತ್ತಿತ್ತು. ಅದೇ ಹೊತ್ತಿಗೆ ಬಾಗಿಲಲ್ಲಿ ನನ್ನ ಅಪ್ಪ. ಕೋಟು ಬಿಚ್ಚಿರಲಿಲ್ಲ, ಕೈಯಲ್ಲಿ ಬೀಗದ ಕೈಗಳ ಗೊಂಚಲು. ಕಳ್ಳತನ, ಹಾಡುಹಗಲೇ ಕಳ್ಳತನ ಎಂದು ಕೂಗಿದರು. ನೀನು ಬೆಚ್ಚಲಿಲ್ಲ. ಕೂಸಿನ ತಲೆಯನ್ನು ನಿನ್ನ ಸೆರಗಿನಿಂದ ಒರೆಸಿ, ಎತ್ತಿಕೊಂಡು ಬಂದು ನನ್ನ ಪಕ್ಕ ಮಲಗಿಸಿದೆ.

ಏನು ಮಾಡಿದೆಯೆಂದು ಕೇಳಿದೆ. ನೀನು ನನ್ನ ಕಿವಿಯ ಹತ್ತಿರ ಬಗ್ಗಿದೆ.

"ದೇವರ ಬಾಗಿಲ ಹೊರಗೆ ನಿಲ್ಲಿಸೋಕೆ ಮನಸ್ಸು ಬರಲಿಲ್ಲ ಕಣೇ. ನೀರು ಹಾಕಿ ಹೆಸರಿಟ್ಟು ಕರೆದೆ."

ನಾನು ಅಂದದ್ದು ನಿನಗೆ ನೆನಪಿದ್ದೇ ಇರುತ್ತದೆ. ನನ್ನ ಕೂಸನ್ನು ನಿನ್ನ ಗೊಂಬೆಗಳ ಸಾಲಿಗೆ ಸೇರಿಸಿಬಿಟ್ಟೆಯಲ್ಲ ಎಂದೆ. ಕೊಳೆ ಎಂದು ತೊಳೆದೆಯಾ ಎಂದೆ. ಆಮೇಲೆ ಇದನ್ನೂ ಅಂದೆ:

"ಆ ಹೆಸರನ್ನ ನನ್ನ ಮುಂದೆ ಯಾವತ್ತಾದರೂ ಬಾಯಿಬಿಟ್ಟರೆ ನಾಲಿಗೆ ಸೀಳಿಬಿಡ್ತೀನಿ."

ನೀನು ತಲೆಯಾಡಿಸಿದೆ, ಕೆಲಸ ಹೇಳಿದಾಗ ತಲೆಯಾಡಿಸುವ ಹಾಗೆ. ಗಂಟು ಎತ್ತಿಕೊಂಡು ಹೋದೆ. ಹನ್ನೆರಡೂವರೆಗೆ ಅವಳು ಹೋದಳು.

ಅಪ್ಪ ದೂರು ಬರೆದರು. ಸಹಿ ಹಾಕಿದವಳು ನಾನು. ಹಾಸಿಗೆಯಲ್ಲಿ ಕೂರಿಸಿ ಬೆನ್ನಿಗೆ ದಿಂಬು ಕೊಟ್ಟು ಹಾಕಿಸಿದರು ಎಂದು ಬರೆದರೆ ಅರ್ಧ ತಪ್ಪು ಅಪ್ಪನ ಮೇಲೆ ಹೋಗುತ್ತದೆ. ಹೋಗಬಾರದು. ಪೆನ್ನು ನಾನೇ ಕಿತ್ತುಕೊಂಡೆ. ನಾಲ್ಕನೇ ದಿನ ಮೇಟ್ರನ್ ನಿನ್ನನ್ನು ನನ್ನ ಮುಂದೆಯೇ ನಿಲ್ಲಿಸಿ, ಯಾರ ಮಾತಿನ ಮೇಲೆ ಮಾಡಿದೆ ಎಂದು ಕೇಳಿದರು. ಯಜಮಾನರು ಗೋಡೆಗೆ ಒರಗಿ ನಿಂತಿದ್ದರು. ಅಪ್ಪ ಪಕ್ಕದಲ್ಲಿದ್ದರು. ನೀನು ಒಂದು ಸಲ ನೆಲ ನೋಡಿದೆ, ಆಮೇಲೆ ಮೇಟ್ರನ್ ಮುಖ ನೋಡಿದೆ. "ನನಗೆ ತೋಚಿದ್ದು ಮಾಡಿದೆ," ಎಂದೆ. ಅಷ್ಟೇ. ಒಂಬತ್ತು ವರ್ಷದ ಕೆಲಸ ಆ ಒಂದು ಮಾತಿಗೆ ಹೋಯಿತು. ನೀನು ಏಪ್ರನ್ ಬಿಚ್ಚಿ, ಮಡಚಿ, ಮೂಲೆಯ ಕೆಂಪು ಗುರುತು ಮೇಲೆ ಬರುವ ಹಾಗೆ ಇಟ್ಟು ಹೋದೆ. ಆ ಗುರುತು ನಾನೇ ಹೊಲಿದದ್ದು.

ಹೂಳುವುದಕ್ಕೂ ಜಗಳ ಆಯಿತು. ನಿಮ್ಮ ಆಗಿನ ಪಾದ್ರಿ, ನೀರು ಬಿದ್ದ ಮೇಲೆ ಕೂಸು ನಮ್ಮದು, ನಮ್ಮ ನೆಲದಲ್ಲಿ ಜಾಗ ಕೊಡುತ್ತೇವೆ ಎಂದು ಹೇಳಿಕಳಿಸಿದರು. ಅಪ್ಪ ಕೆಂಡವಾದರು. ಮೊಣಕೈಯುದ್ದದ ಪೆಟ್ಟಿಗೆಗೆ ಎರಡು ಕಡೆಯವರು ಕಾದಾಡಿದರು, ನೋಡು. ಬದುಕಿದ್ದರೆ ಒಂದು ಲೋಟ ಹಾಲು ಕೊಡಲು ಯಾರು ಬರುತ್ತಿದ್ದರು? ಕೊನೆಗೆ ನಮ್ಮ ಕಡೆಯೇ ಹೂತೆವು. ಕಲ್ಲಿನ ಮೇಲೆ ತಾರೀಕು ಇದೆ, ನಮ್ಮ ಯಜಮಾನರ ಹೆಸರಿದೆ, ಮಗಳು ಎಂದಿದೆ. ಅವಳ ಹೆಸರಿಲ್ಲ.

ಆಮೇಲೆ ಇಬ್ಬರು ಗಂಡುಮಕ್ಕಳಾದರು, ಹೆಸರಿಟ್ಟೆವು, ಬೆಳೆದರು, ಅವರಿಗೂ ಮಕ್ಕಳಾದರು. ಆದರೆ ಇವಳ ವಿಷಯದಲ್ಲಿ ನನಗೊಂದು ಕಷ್ಟ ಶುರುವಾಯಿತು. ಯಾರಿಗೂ ಹೇಳಿಲ್ಲ. ಮನಸ್ಸಿನಲ್ಲೇ ಒಂದು ಹೆಸರಿಟ್ಟುಕೊಳ್ಳೋಣ ಎಂದು ಎಷ್ಟೋ ಸಲ ನೋಡಿದೆ. ಒಳ್ಳೊಳ್ಳೆಯ ಹೆಸರು ಹುಡುಕಿದೆ. ಒಂದೂ ಕೂರಲಿಲ್ಲ. ಇದ್ದ ಹೆಸರಿನ ಮೇಲೆ ಇನ್ನೊಂದು ಹೆಸರು ಹೊಲಿದ ಹಾಗೆ ಅನ್ನಿಸುತ್ತಿತ್ತು. ಅವಳಿಗೆ ಆಗಲೇ ಒಂದು ಹೆಸರಿದೆ, ಹೆತ್ತವಳಿಗೆ ಮಾತ್ರ ಗೊತ್ತಿಲ್ಲ. ಹಾಗಾಗಿ ನಲವತ್ತೊಂದು ವರ್ಷ ನಾನು ಅವಳನ್ನು 'ಕೂಸು' ಎಂದೇ ನೆನೆದೆ. ಬದುಕಿದ್ದರೆ ಈಗ ತಲೆಗೂದಲು ನೆರೆತ ಹೆಂಗಸು. ಕೂಸು ಕೂಸಾಗಿಯೇ ಉಳಿಯಿತು.

ನಡುವೆ ಒಂದು ಸಲ ನಿನ್ನನ್ನು ನೋಡಿದೆ. ಕಣ್ಣಿನ ಡಾಕ್ಟರ ಬಳಿ, ಉದ್ದ ಬೆಂಚಿನ ಆ ತುದಿಯಲ್ಲಿ ನೀನು, ಈ ತುದಿಯಲ್ಲಿ ನಾನು. ಇಬ್ಬರಿಗೂ ಕಣ್ಣಿಗೆ ಔಷಧಿ ಹಾಕಿ ಕೂರಿಸಿದ್ದರು. ಮಸುಕು ಮಸುಕಾಗಿ ಕಂಡರೂ ನೀನು ಕೂರುವ ರೀತಿ ನನಗೆ ಗೊತ್ತಿಲ್ಲವೇ? ಒಂದು ಕಾಲು ಮಡಚಿ, ಚೀಲ ತೊಡೆಯ ಮೇಲೆ. ನನ್ನ ಕಣ್ಣಿಂದ ನೀರು ಸುರಿಯುತ್ತಿತ್ತು. ಅತ್ತೆನೆಂದು ತಿಳಿದಿದ್ದರೆ ತಪ್ಪು, ಅದು ಔಷಧಿ. ನೀನು ಈ ಕಡೆ ತಿರುಗಿ ಬಾಯಿ ತೆರೆದೆ. ಮತ್ತೆ ಮುಚ್ಚಿದೆ. ನಾಲಿಗೆ ಸೀಳುತ್ತೇನೆ ಎಂದಿದ್ದೆನಲ್ಲ. ಇಪ್ಪತ್ತು ವರ್ಷವಾದ ಮೇಲೂ ನೀನು ಆ ಮಾತು ಉಳಿಸಿಕೊಂಡೆ. ನಾನು ಎದ್ದು, ಗೋಡೆ ಹಿಡಿದುಕೊಂಡು, ಸರದಿ ಬಿಟ್ಟು ಹೊರಗೆ ಹೋದೆ. ಆ ದಿನ ಒಂದು ಹೆಜ್ಜೆ ಆ ಕಡೆ ಇಟ್ಟಿದ್ದರೆ ಸಾಕಿತ್ತು. ಇಡಲಿಲ್ಲ.

ಈಗ ಆ ಭಾನುವಾರಕ್ಕೆ ಬರುತ್ತೇನೆ. ಪ್ರಾರ್ಥನೆ ಮುಗಿದು ಚಹಾ ಕೊಡುವಾಗ ಒಬ್ಬ ಹೆಣ್ಣುಮಗಳು ಬಂದು ನನ್ನ ಕೈಗೆ ಲೋಟ ಕೊಟ್ಟು, ನೀವು ಲಾಂಡ್ರಿಯಲ್ಲಿದ್ದ ಅಮ್ಮ ಅಲ್ಲವಾ ಎಂದಳು. ತವರುಮನೆಗೆ ಬಂದಿದ್ದಳಂತೆ. ನಾನು ಆ ಮೇಣದಬತ್ತಿಯವರ ಸೊಸೆ ಎಂದಳು. ನಿನ್ನ ಮನೆಯಲ್ಲೂ ನಿನ್ನನ್ನು ಹಾಗೇ ಕರೆಯುತ್ತಾರಾ? ನಾನಿಟ್ಟ ಹೆಸರು ಅಲ್ಲಿಯವರೆಗೂ ಹೋಯಿತಾ? ಚಹಾ ತಣ್ಣಗಾಯಿತು ಎಂದು ಅವಳನ್ನೇ ಗದರಿದೆ. ಒಳ್ಳೆಯ ಹುಡುಗಿ, ಬೇಸರ ಮಾಡಿಕೊಳ್ಳದೆ ನಿನ್ನ ಕಿವಿ, ಕಣ್ಣು, ಮಂಡಿ ಎಲ್ಲ ಹೇಳಿದಳು. ಆಮೇಲೆ, ಅತ್ತೆಯದ್ದು ಒಂದು ವಿಚಿತ್ರ ಎಂದಳು. ದಿನಾ ಸಂಜೆ ಜಪಸರ ಹಿಡಿದು ಮನೆಯಲ್ಲಿ ಸತ್ತವರ ಹೆಸರನ್ನೆಲ್ಲ ಹೇಳುತ್ತೀಯಂತೆ. ಕಿವಿ ಕೇಳಿಸದ ಕಾರಣ ಗಟ್ಟಿಯಾಗಿಯೇ ಹೇಳುತ್ತೀಯಂತೆ. ನಿನ್ನ ಅಮ್ಮ, ನಿನ್ನ ಗಂಡ, ಅಣ್ಣಂದಿರು. ಎಲ್ಲರಿಗೂ ಕೊನೆಯಲ್ಲಿ ಒಂದು ಹೆಣ್ಣಿನ ಹೆಸರು, ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ್ದು.

"ಅದು ಯಾರು ಅತ್ತೆ ಅಂತ ಬರೆದು ಕೇಳಿದರೆ, ನನ್ನ ಸ್ನೇಹಿತೆಯ ಮಗಳು ಅಂತಾರೆ. ಮುಂದೆ ಹೇಳಲ್ಲ," ಎಂದಳು.

ಅವಳ ಬಾಯಲ್ಲಿ ಆ ಹೆಸರು ಇನ್ನೇನು ಬಂದೇಬಿಟ್ಟಿತು. ನಾನು ಕೈ ಎತ್ತಿ ನಿಲ್ಲಿಸಿದೆ. ಲೋಟ ಕೆಳಗೆ ಬಿತ್ತು. ಬೇಡ ಎಂದೆ. ಎಲ್ಲರೂ ತಿರುಗಿ ನೋಡಿದರು, ಪಾಸ್ಟರು, ಪಾದ್ರಿ, ಬಿಸ್ಕತ್ತು ತಿನ್ನುತ್ತಿದ್ದವರು. ನಿನ್ನ ಸೊಸೆ ಗಾಬರಿಯಾದಳು. ನನ್ನ ಸಿಟ್ಟನ್ನು ಕಂಡೆನೆಂದುಕೊಂಡಿರಬೇಕು. ಸಿಟ್ಟಲ್ಲ ಎಂದು ಅವಳಿಗೆ ಹೇಳು. ನಾನು ಬಾಯಿ ಮುಚ್ಚಿಸಿದ್ದು ನಿನ್ನದು. ಅದನ್ನು ಬಿಚ್ಚಿಸಬೇಕಾದ್ದೂ ನಿನ್ನ ಹತ್ತಿರವೇ. ಚಹಾದ ಲೋಟದ ಜೊತೆ ಬೇರೆಯವರಿಂದ ಈಸಿಕೊಳ್ಳುವ ವಸ್ತು ಅಲ್ಲ ಅದು.

ಮನೆಗೆ ನಡೆದು ಬರುವಾಗ ದಾರಿಯುದ್ದಕ್ಕೂ ನಿನ್ನನ್ನು ಬೈದೆ. ಅಭ್ಯಾಸ. ಎದೆ ತುಂಬಿ ಬಂದಾಗ ನನಗೆ ಬೈಗುಳವೇ ಬರುವುದು. ಪ್ರಾರ್ಥನೆಯನ್ನೇ ಪೂರ್ತಿ ಹೇಳದವರು, ಬೇರೆಯವರ ಕೂಸು ಕದಿಯಲು ಮಾತ್ರ ಮುಂದೆ ಎಂದೆ. ಚಪ್ಪಲಿ ಅಂಗಡಿಯ ಮುಂದೆ ಯಜಮಾನರು ನಿಂತುಬಿಟ್ಟರು. ಕಾಲು ನೋವೇನೋ ಎಂದುಕೊಂಡೆ.

"ಅವಳು ಕದಿಯಲಿಲ್ಲ. ನಾನೇ ಕೈಮುಗಿದು ಕೇಳಿದ್ದೆ," ಎಂದರು.

ಅಲ್ಲೇ, ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಕೂತು ಹೇಳಿದರು. ಡಾಕ್ಟರು ಮಧ್ಯಾಹ್ನದವರೆಗೆ ಎಂದಾಗ ಇವರಿಗೆ ಏನೂ ತೋಚಲಿಲ್ಲವಂತೆ. ಕಾರಿಡಾರಿನಲ್ಲಿ ನೀನು ಸಿಕ್ಕೆಯಂತೆ. ನಮ್ಮಲ್ಲಿ ಇದಕ್ಕೆ ಏನೂ ಇಲ್ಲ, ಸುಮ್ಮನೆ ನೋಡುತ್ತಾ ನಿಲ್ಲೋದಕ್ಕೆ ಆಗಲ್ಲ, ನಿಮ್ಮಲ್ಲಿ ಏನಾದರೂ ಮಾಡೋದಿದ್ದರೆ ಮಾಡು ಎಂದರಂತೆ. ಅವಳ ಅಮ್ಮನನ್ನ ಕೇಳದೆ ಹೇಗೆ ಎಂದು ನೀನು ಎರಡು ಸಲ ಹಿಂದೆ ಸರಿದೆಯಂತೆ. ಇವರು ಬಿಡಲಿಲ್ಲವಂತೆ. ಹೆಸರಾದರೂ ಇರಲಿ, ಹೆಸರಿಲ್ಲದೆ ಕಳಿಸಬೇಡ ಎಂದರಂತೆ. ಅಪ್ಪ ಬರುತ್ತಾರೇನೋ ಎಂದು ಬಾಗಿಲಲ್ಲಿ ಕಾವಲು ನಿಂತವರು ಇವರೇ. ಅದೂ ನೆಟ್ಟಗೆ ಮಾಡಲಿಲ್ಲ, ಅಪ್ಪ ಇನ್ನೊಂದು ಬಾಗಿಲಿಂದ ಬಂದರು. ನೀನು ಮೇಟ್ರನ್ ಮುಂದೆ ನೆಲ ನೋಡಿದೆಯಲ್ಲ, ಅದಕ್ಕೆ ಮುಂಚೆ ಒಂದು ಕ್ಷಣ ಇವರ ಕಡೆ ನೋಡಿದ್ದೆಯಂತೆ. ಇವರು ತಲೆ ತಗ್ಗಿಸಿದರಂತೆ. ಮಾವನ ಭಯ, ಸಭೆಯ ಭಯ, ಎಲ್ಲಕ್ಕಿಂತ ನನ್ನ ಭಯ.

ಹೆಸರು ಏನೆಂದು ಕೇಳಿದೆ. ನನಗೂ ಕೇಳಿಸಲಿಲ್ಲ ಎಂದರು. ಆಮೇಲೆ ಕೇಳುವ ಮುಖ ಇರಲಿಲ್ಲ ಎಂದರು.

ಎಂಟು ದಿನ ನಾನು ಅವರ ಜೊತೆ ಮಾತಾಡಲಿಲ್ಲ. ಊಟ ಬಡಿಸಿದೆ, ತಟ್ಟೆ ಕುಕ್ಕಿದೆ. ಒಂಬತ್ತನೇ ದಿನ, ನಿಮ್ಮ ಜೊತೆ ಮಾತು ಬಿಡೋಕೆ ಇನ್ನೂ ನಲವತ್ತು ವರ್ಷ ನನ್ನ ಹತ್ತಿರ ಇಲ್ಲ ಎಂದೆ. ಅವರು ಅತ್ತರು. ಕೂಸು ಹೋದ ದಿನವೂ ಅಳದ ಮನುಷ್ಯ.

ನಿನಗೆ ಮಾತ್ರ ಏನು ಹೇಳಲಿ? ನೀನು ಒಂದೇ ಒಂದು ಬೆರಳು ತೋರಿಸಿದ್ದರೆ ಕೆಲಸ ಉಳಿಯುತ್ತಿತ್ತು. ತೋರಿಸಿದ್ದರೆ ನನ್ನ ಸಂಸಾರ ಉಳಿಯುತ್ತಿರಲಿಲ್ಲ, ಆಗಿನ ನನ್ನ ಕೋಪಕ್ಕೆ. ಅದು ನಿನಗೆ ಗೊತ್ತಿತ್ತು. ಗೊತ್ತಿದ್ದೇ ಏಪ್ರನ್ ಮಡಚಿದೆ. ನನ್ನನ್ನು ಕ್ಷಮಿಸು ಎಂದು ಬರೆಯಲು ಮೂರು ಹಾಳೆ ಹರಿದಿದ್ದೇನೆ. ಇದು ನಾಲ್ಕನೆಯದು. ಕ್ಷಮಿಸು. ಬರೆದೆ, ನೋಡು.

ಆದರೆ ನಾನು ನಿನ್ನ ಕಡೆಗೆ ಬಂದೆ ಎಂದು ತಿಳಿಯಬೇಡ. ಕೂಸಿನಲ್ಲಿ ತೊಳೆಯುವಂಥ ಪಾಪ ಏನಿತ್ತು ಎಂದು ಈಗಲೂ ಕೇಳುತ್ತೇನೆ. ನೀರಿಲ್ಲದಿದ್ದರೂ ದೇವರು ಅವಳನ್ನು ಹೊರಗೆ ನಿಲ್ಲಿಸುತ್ತಿರಲಿಲ್ಲ. ನಿಲ್ಲಿಸುವವನಾಗಿದ್ದರೆ ಅವನೊಡನೆ ನನಗೆ ಮಾತೇ ಬೇಕಿಲ್ಲ. ಸತ್ತವರಿಗೆ ಪ್ರಾರ್ಥನೆ ಮಾಡುವುದೂ ನಮ್ಮಲ್ಲಿಲ್ಲ, ಅವರ ವಿಷಯ ಮುಗಿಯಿತು ಎನ್ನುತ್ತೇವೆ. ಅದನ್ನೂ ಬಿಟ್ಟುಕೊಡುವುದಿಲ್ಲ. ನೀರಿನ ಜಗಳ ಹಾಗೆಯೇ ಇರಲಿ. ನೀನು ಬಂದರೆ ಮೆಟ್ಟಿಲ ಮೇಲೆ ಕೂತು ಮತ್ತೆ ಆಡೋಣ. ಆದರೆ ಒಂದು ಮಾತಿಗೆ ನನ್ನ ಹತ್ತಿರ ಉತ್ತರವಿಲ್ಲ. ನಾನು, ಹೆತ್ತವಳು, ವಿಷಯ ಮುಗಿಯಿತು ಎಂದು ಕೂತೆ. ನೀನು ಇಷ್ಟು ವರ್ಷ ದಿನಾ ಸಂಜೆ ನನ್ನ ಮಗಳನ್ನು ಹೆಸರು ಹಿಡಿದು ಕರೆದೆ. ಅವಳನ್ನು ಕರೆಯುವವರು ಈ ಲೋಕದಲ್ಲಿ ಒಬ್ಬರಿದ್ದರು. ಅದು ನನಗೆ ಗೊತ್ತಿರಲಿಲ್ಲ.

ಇನ್ನೊಂದು ಹೇಳಿ ಮುಗಿಸುತ್ತೇನೆ. ಅವಳು ಆ ದಿನ ಹಾಕಿಕೊಂಡಿದ್ದ ಅಂಗಿ ನನ್ನ ಹತ್ತಿರ ಇದೆ. ಆಸ್ಪತ್ರೆಯದು. ಮೂಲೆಯಲ್ಲಿ ಕೆಂಪು ನೂಲಿನ 'ಹೆ', ಪಕ್ಕದಲ್ಲಿ ೨೭. ಹೆರಿಗೆಗೆ ಎರಡು ತಿಂಗಳ ಮುಂಚೆ ನಾನೇ ಹೊಲಿದ ಗುರುತು, ನನ್ನ ಮಗಳಿಗೇ ಬರುತ್ತದೆಂದು ತಿಳಿಯದೆ. ದಿಂಬಿನ ಕೆಳಗೆ ಬಚ್ಚಿಟ್ಟು ತಂದೆ. ಇನ್ನೊಬ್ಬರನ್ನು ಕಳ್ಳಿ ಎಂದು ದೂರು ಕೊಟ್ಟವಳು ಆ ವಾರವೇ ಮಾಡಿದ ಕೆಲಸ ಇದು. ಮೂವತ್ತೊಂದು ವರ್ಷದ ಸರ್ವೀಸಿನಲ್ಲಿ ನಾನು ಕದ್ದದ್ದು ಅದೊಂದೇ. ನಿನ್ನೆ ಅದನ್ನು ತೆಗೆದು ಒಗೆದೆ. ಎದೆಯ ಕಡೆ ಜಾಗ ಇದೆ, ಅಂಗೈಯಗಲ. ಕಣ್ಣು ಕಾಣದೆ ಮೊಮ್ಮಗಳ ಕೈಯಲ್ಲಿ ಸೂಜಿಗೆ ಕೆಂಪು ನೂಲು ಪೋಣಿಸಿ ಇಟ್ಟಿದ್ದೇನೆ. ಏನು ಹೊಲಿಯುತ್ತೀಯ ಅಜ್ಜಿ ಎಂದಳು. ನಿನ್ನ ಅತ್ತೆಯ ಹೆಸರು ಎಂದೆ. ನನಗೆ ಅತ್ತೆ ಇದ್ದಾರಾ ಎಂದಳು. ಇದ್ದಾಳೆ, ಹೆಸರು ಟಪಾಲಿನಲ್ಲಿ ಬರುತ್ತೆ ಎಂದೆ.

ದೊಡ್ಡ ಅಕ್ಷರದಲ್ಲಿ ಬರೆ. ಬೇರೇನೂ ಬರೆಯದಿದ್ದರೂ ಸರಿ, ಅದೊಂದೇ ಬರೆ. ನಿನ್ನ ಸಂತರ ಪಟ್ಟಿಯಿಂದ ಯಾವಳದೋ ಹೆಸರು ಎತ್ತಿ ಇಟ್ಟಿದ್ದೀಯೆಂದು ನನಗೆ ಗೊತ್ತು. ಪರವಾಗಿಲ್ಲ, ಹೊಲಿಯುತ್ತೇನೆ. ಬೆಂದು ಸತ್ತವಳದು ಮಾತ್ರ ಆಗಿರದಿದ್ದರೆ ಸಾಕು.

ಅಂಗಿ ನೇತುಹಾಕಲು ಯಜಮಾನರ ಕೈಯಲ್ಲಿ ನಮ್ಮ ಕೋಣೆಯ ಗೋಡೆಗೆ ಒಂದು ಮೊಳೆ ಹೊಡೆಸಿದೆ. ನಲವತ್ತೈದು ವರ್ಷದಲ್ಲಿ ಆ ಗೋಡೆಗೆ ಮೊದಲನೆಯದು. ನಗುತ್ತಿದ್ದೀಯ, ನನಗೆ ಗೊತ್ತು. ನಗು.

ಇನ್ನು ಮೇಲೆ ದಿನಾ ಸಂಜೆ ನೀನು ಸತ್ತವರ ಹೆಸರು ಹೇಳುವ ಹೊತ್ತಿಗೆ ನಾನು ಈ ಮೊಳೆಯ ಕೆಳಗೆ ಕೂತಿರುತ್ತೇನೆ. ಪ್ರಾರ್ಥನೆ ಮಾಡುವುದಿಲ್ಲ, ಸುಮ್ಮನೆ ಕೂತಿರುತ್ತೇನೆ. ಕೊನೆಯ ಹೆಸರನ್ನು ಸ್ವಲ್ಪ ಗಟ್ಟಿಯಾಗಿ ಕರೆ.

ನಿನ್ನ ಮಂಡಿ ನೋವು ಇಳಿಯಲಿ, ಕಣ್ಣು ಹೀಗೆಯೇ ಇರಲಿ, ನೀನು ಹಚ್ಚಿದ ಬತ್ತಿ ನನಗಿಂತ ಮೊದಲು ಆರದಿರಲಿ.

ಇಂತಿ,
ನಿನ್ನ ಖಾಲಿಗೋಡೆ,
ಒಂದು ಮೊಳೆಯೊಂದಿಗೆ